ಆಕರಕೋಶ ಮತ್ತು ಎರಡೆಕರೆ ಹೊಲ

ಮನುಷ್ಯನ ದೇಹವನ್ನು ದಿನದಿನವೂ ಕೆಡವಿ ಕಟ್ಟುತ್ತಿರುವ ಮನೆಗೆ ಹೋಲಿಸಬಹುದು. ನಮ್ಮ ರಕ್ತದ ಒಂದು ಕೆಂಪು ಕಣದ ಆಯುಷ್ಯ ಸುಮಾರು 120 ದಿನ. ಕರುಳಿನ ಒಳಪದರವು ನಾಲ್ಕೈದು ದಿನಗಳಿಗೊಮ್ಮೆ ಹೊಸದಾಗುತ್ತದೆ. ಮೂಳೆಯೊಳಗಿನ ಮಜ್ಜೆಯು ಪ್ರತಿ ಸೆಕೆಂಡಿಗೆ ಇಪ್ಪತ್ತು ಲಕ್ಷದಷ್ಟು ಕೆಂಪು ಕಣಗಳನ್ನು ಹುಟ್ಟಿಸುತ್ತದೆ. ಓದುಗರು ಈ ವಾಕ್ಯವನ್ನು ಓದಿ ಮುಗಿಸುವಷ್ಟರಲ್ಲಿ ಅವರ ದೇಹದಲ್ಲಿ ಅಂದಾಜು ಒಂದು ಕೋಟಿ ಹೊಸ ಕಣಗಳು ಸಿದ್ಧವಾಗಿರುತ್ತವೆ. ಇಷ್ಟು ದೊಡ್ಡ ಕಾರ್ಯವು ನಮಗೆ ಅರಿವಿಲ್ಲದೆ, ನಮ್ಮ ಅನುಮತಿಯನ್ನೂ ಕೇಳದೆ, ಹುಟ್ಟಿನಿಂದ ಮರಣದವರೆಗೆ ನಡೆಯುತ್ತದೆ.

ಈ ಕಾರ್ಯದ ಮೂಲದಲ್ಲಿರುವುದೇ ಆಕರಕೋಶ. ಪತ್ರಿಕೆಗಳಲ್ಲಿ, ಆಸ್ಪತ್ರೆಗಳ ಜಾಹೀರಾತುಗಳಲ್ಲಿ ಇದನ್ನು ಸ್ಟೆಮ್ ಸೆಲ್ ಎಂದು ಕರೆಯುತ್ತಾರೆ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದಾಗ ಇದನ್ನು ವಿವರಿಸಲು ನಮ್ಮ ಊರಿನ ಹಗೇವನ್ನೇ ಉದಾಹರಣೆಯಾಗಿ ಕೊಡುತ್ತಿದ್ದೆ. ನಾನು ಭಾಲ್ಕಿ ತಾಲೂಕಿನ ಮೆಹಕರದವನು. ನಮ್ಮ ಹಿರಿಯರು ಸುಗ್ಗಿಯ ನಂತರ ಜೋಳವನ್ನು ಎರಡು ಪಾಲು ಮಾಡುತ್ತಿದ್ದರು. ಒಂದು ಪಾಲು ರೊಟ್ಟಿಗೆ, ಇನ್ನೊಂದು ಪಾಲು ಮುಂದಿನ ಬಿತ್ತನೆಗೆ. ಬೀಜದ ಜೋಳವನ್ನು ಎಂಥ ಬರದಲ್ಲಿಯೂ ಮುಟ್ಟುತ್ತಿರಲಿಲ್ಲ. ಎಲ್ಲವನ್ನೂ ತಿಂದರೆ ಮುಂದಿನ ವರ್ಷಕ್ಕೆ ಬೆಳೆಯಿಲ್ಲ. ಎಲ್ಲವನ್ನೂ ಬೀಜವೆಂದು ಕಟ್ಟಿಟ್ಟರೆ ಈ ವರ್ಷಕ್ಕೆ ಊಟವಿಲ್ಲ. ಆಕರಕೋಶವೂ ಹೀಗೆಯೇ. ಅದು ಒಡೆದು ಎರಡಾದಾಗ ಒಂದು ತನ್ನಂತೆಯೇ ಬೀಜವಾಗಿ ಉಳಿಯಬಹುದು. ಇನ್ನೊಂದು ರಕ್ತಕಣವಾಗಿಯೋ, ಚರ್ಮವಾಗಿಯೋ, ಸ್ನಾಯುವಾಗಿಯೋ ಬಲಿತು ಕೆಲಸಕ್ಕೆ ಹೊರಡಬಹುದು. ಹೀಗೆ ಹೊರಟದ್ದು ಸಾಮಾನ್ಯವಾಗಿ ಹಿಂದಿರುಗುವುದಿಲ್ಲ.

ಹಾಗಾದರೆ ಬೀಜವಾಗಿ ಉಳಿಯಬೇಕೋ, ಬೆಳೆಯಾಗಿ ಬಲಿಯಬೇಕೋ ಎಂಬುದನ್ನು ಆ ಕೋಶಕ್ಕೆ ಹೇಳುವವರು ಯಾರು? ಸುತ್ತಲಿನ ಕೋಶಗಳು ಹೇಳುತ್ತವೆ, ದೊಡ್ಡ ದೊಡ್ಡ ಪ್ರೋಟೀನುಗಳು ಹೇಳುತ್ತವೆ. ಅವುಗಳೊಡನೆ ಅತಿ ಚಿಕ್ಕ ಅಣುಗಳೂ ಹೇಳುತ್ತವೆ. ಹೈಡ್ರೋಜನ್ ಪರಮಾಣುವಿನ ತೂಕವನ್ನು ಒಂದು ಎಂದು ಎಣಿಸಿದರೆ ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹಿಮೋಗ್ಲೋಬಿನ್ನಿನ ತೂಕ ಸುಮಾರು 64,000. ‘ಎ’ ಜೀವಸತ್ವದ ತೂಕ 286 ಮಾತ್ರ. ‘ಬಿ’ ಗುಂಪಿಗೆ ಸೇರಿದ ನಿಕೋಟಿನಮೈಡ್ ಎಂಬುದರ ತೂಕ 122. ಇಂಥ ಕಿರು ಅಣುಗಳು ಕೋಶದ ಪೊರೆಯನ್ನು ಸುಲಭವಾಗಿ ದಾಟಿ ಒಳಗೆ ಹೋಗಬಲ್ಲವು. ಕಾರ್ಖಾನೆಯಲ್ಲಿ ಇವುಗಳನ್ನು ಶುದ್ಧವಾಗಿ ತಯಾರಿಸಬಹುದು, ಗುಳಿಗೆಯಾಗಿ ನುಂಗಿಸಬಹುದು, ಬೇಡವಾದಾಗ ನಿಲ್ಲಿಸಬಹುದು. ಆದುದರಿಂದಲೇ ಹಾಳಾದ ಅಂಗವನ್ನು ಮತ್ತೆ ಬೆಳೆಸಬೇಕೆನ್ನುವ ಇಂದಿನ ವೈದ್ಯವಿಜ್ಞಾನವು ಕಿರು ಅಣುಗಳ ಮೇಲೆ ಬಹಳ ಭರವಸೆ ಇಟ್ಟಿದೆ.

ಇದು ದೂರದ ಪ್ರಯೋಗಾಲಯಗಳ ಮಾತು, ನಮಗೇಕೆ ಎನಿಸಬಹುದು. ಆದರೆ ಬೀದರ ಸೀಮೆಯ ಬಡವರ ಮೈಮೇಲೆ ಈ ಅಣುಗಳ ಕತೆ ಬಹಳ ಹಿಂದೆಯೇ ಬರೆಯಲ್ಪಟ್ಟಿತ್ತು.

ಇರುಳುಗಣ್ಣಿನ ಮಕ್ಕಳನ್ನು ನನ್ನ ತಲೆಮಾರಿನವರು ಕಂಡಿದ್ದೇವೆ. ಸಂಜೆಯಾದೊಡನೆ ಗೋಡೆ ಹಿಡಿದು ನಡೆಯುತ್ತಿದ್ದರು. ಕಣ್ಣಿನ ಬಿಳಿಯ ಭಾಗದಲ್ಲಿ ನೊರೆಯಂಥ ಮಚ್ಚೆ ಕಾಣಿಸಿಕೊಳ್ಳುತ್ತಿತ್ತು. ಕೆಲವರಿಗೆ ಕಣ್ಣೇ ಒಣಗಿ, ಕರಗಿ ಹೋಗುತ್ತಿತ್ತು. ಕಾರಣ ‘ಎ’ ಜೀವಸತ್ವದ ಕೊರತೆ. ಈ ಕೊರತೆಯು ದೇಹದಲ್ಲಿ ಏನು ಮಾಡುತ್ತದೆಂಬುದನ್ನು 1925ರಲ್ಲಿ ಅಮೆರಿಕದ ವೊಲ್ಬಾಕ್ ಮತ್ತು ಹೋವ್ ಎಂಬಿಬ್ಬರು ಇಲಿಗಳಲ್ಲಿ ಪರೀಕ್ಷಿಸಿ ತೋರಿಸಿದರು. ‘ಎ’ ಜೀವಸತ್ವವಿಲ್ಲದ ಇಲಿಗಳ ಶ್ವಾಸನಾಳ, ಕಣ್ಣು, ಗ್ರಂಥಿಗಳ ಮೆತ್ತನೆಯ ಒದ್ದೆ ಪದರವು ಅಂಗೈಯ ಚರ್ಮದಂತೆ ಗಡುಸಾಗಿ ಮಾರ್ಪಟ್ಟಿತ್ತು. ಅಂದರೆ ತಳದಲ್ಲಿರುವ ಕೋಶಗಳು ಸತ್ತಿರಲಿಲ್ಲ. ‘ಒದ್ದೆ ಪದರವಾಗು’ ಎಂಬ ಸಂದೇಶ ದೊರೆಯದೆ ಒಣ ಚರ್ಮದ ದಾರಿ ಹಿಡಿದಿದ್ದವು. ಸಂದೇಶವನ್ನು ಒಯ್ಯುತ್ತಿದ್ದುದು ನುಗ್ಗೆಸೊಪ್ಪಿನಿಂದ, ಹಾಲಿನಿಂದ, ಹಣ್ಣುಗಳಿಂದ ನಮಗೆ ದೊರೆಯುವ ಒಂದು ಕಿರು ಅಣು. ದೇಹದಲ್ಲಿ ಅದು ರೆಟಿನಾಯಿಕ್ ಆಮ್ಲವಾಗಿ ಬದಲಾಗಿ, ಕೋಶದ ನಡುವಿನ ಬೀಜಕೇಂದ್ರವನ್ನು ಹೊಕ್ಕು, ಅಲ್ಲಿ ತನಗಾಗಿಯೇ ಕಾದಿರುವ ಪ್ರೋಟೀನೊಂದಕ್ಕೆ ಕೀಲಿಯಂತೆ ಹೊಂದಿಕೊಳ್ಳುತ್ತದೆ. ಆಗ ಕೆಲವು ವಂಶವಾಹಿಗಳು ತೆರೆಯುತ್ತವೆ, ಕೆಲವು ಮುಚ್ಚುತ್ತವೆ. ಹೈದರಾಬಾದಿನ ಪೌಷ್ಟಿಕತಾ ಸಂಶೋಧಕರ ಶ್ರಮದ ಫಲವಾಗಿ 1970ರಲ್ಲಿ ಭಾರತ ಸರ್ಕಾರವು ಆರು ತಿಂಗಳಿಗೊಮ್ಮೆ ಮಕ್ಕಳಿಗೆ ‘ಎ’ ಜೀವಸತ್ವದ ದೊಡ್ಡ ಪ್ರಮಾಣವನ್ನು ಬಾಯಿಯ ಮೂಲಕ ಕೊಡುವ ಯೋಜನೆಯನ್ನು ಆರಂಭಿಸಿತು.

ಇನ್ನೊಂದು ಕತೆ ಜೋಳದ್ದು. ಕುತ್ತಿಗೆ, ಮುಂಗೈ, ಪಾದಗಳ ಚರ್ಮ ಬಿಸಿಲು ತಗುಲಿದಲ್ಲೆಲ್ಲ ಕಪ್ಪಾಗಿ ಸುಲಿಯುವುದು, ಭೇದಿ, ಕೊನೆಗೆ ಬುದ್ಧಿಭ್ರಮಣೆ. ಇದು ಪೆಲ್ಲಾಗ್ರ ಎಂಬ ಕಾಯಿಲೆ. ಮೆಕ್ಕೆಜೋಳವನ್ನೇ ನೆಚ್ಚಿದ ಯೂರೋಪ್, ಅಮೆರಿಕದ ಬಡವರಲ್ಲಿ ಇದು ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತ್ತು. 1937ರಲ್ಲಿ ವಿಸ್ಕಾನ್ಸಿನ್‌ನ ಕಾನ್ರಾಡ್ ಎಲ್ವೆಜೆಮ್ ಅವರು ನಾಯಿಗಳಲ್ಲಿ ಇದೇ ಬಗೆಯ ಕಾಯಿಲೆಯನ್ನು ನಿಕೋಟಿನಿಕ್ ಆಮ್ಲ ಮತ್ತು ನಿಕೋಟಿನಮೈಡ್ ಗುಣಪಡಿಸುತ್ತವೆಂದು ಕಂಡುಹಿಡಿದರು. ದಖ್ಖನಿನಲ್ಲಿ ಮೆಕ್ಕೆಜೋಳ ತಿನ್ನದೆ ಬಿಳಿಜೋಳದ ರೊಟ್ಟಿಯನ್ನೇ ಉಣ್ಣುವವರಿಗೂ ಈ ಕಾಯಿಲೆ ಬರುತ್ತಿತ್ತು. ಹೈದರಾಬಾದಿನ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ ಅವರು 1960ರಲ್ಲಿ, ಜೋಳದಲ್ಲಿ ಅಧಿಕವಾಗಿರುವ ಲ್ಯೂಸಿನ್ ಎಂಬ ಅಂಶವು ಇದಕ್ಕೆ ಕಾರಣವಿರಬಹುದೆಂದು ವಾದಿಸಿದರು. ಈ ವಾದವನ್ನು ಎಲ್ಲರೂ ಪೂರ್ಣವಾಗಿ ಒಪ್ಪಲಿಲ್ಲ. ಆದರೆ ಬೇಳೆ, ಹಾಲು, ಮಾಂಸಗಳಿಲ್ಲದೆ ಬರಿ ರೊಟ್ಟಿ ಖಾರದ ಮೇಲೆ ಬದುಕಿದವರೇ ಈ ಕಾಯಿಲೆಗೆ ತುತ್ತಾಗುತ್ತಿದ್ದರೆಂಬುದು ನಿಶ್ಚಿತ. ತಪ್ಪು ಜೋಳದ್ದಾಗಿರಲಿಲ್ಲ, ಬಡತನದ್ದಾಗಿತ್ತು. ಊಟದಲ್ಲಿ ಬಗೆಬಗೆಯ ಪದಾರ್ಥ ಸೇರಿದಂತೆ ಕಾಯಿಲೆಯೂ ಹಿಂದೆ ಸರಿಯಿತು.

ಈ ನಿಕೋಟಿನಮೈಡಿನ ಹೆಸರನ್ನು ನೆನಪಿಟ್ಟುಕೊಳ್ಳಬೇಕೆಂದು ಓದುಗರಲ್ಲಿ ಕೋರುತ್ತೇನೆ. ಅದು ಮುಂದೆ ಮತ್ತೊಮ್ಮೆ ಬರುತ್ತದೆ.

ಕಿರು ಅಣುವಿನ ಶಕ್ತಿಯನ್ನು ನಾನು ಪುಸ್ತಕದಿಂದಾಚೆ ಕಂಡದ್ದು 2016ರಲ್ಲಿ. ನನ್ನ ಸಹೋದರಿಯ ಮಗನಿಗೆ ಆಗ ಇಪ್ಪತ್ತೆರಡು ವರ್ಷ. ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬರುತ್ತಿತ್ತು, ತೊಡೆಯ ಮೇಲೆ ಏಟು ಬೀಳದೆಯೇ ನೀಲಿ ಬಾವು. ಬೀದರಿನಲ್ಲಿ ರಕ್ತ ಪರೀಕ್ಷೆ ಮಾಡಿದ ವೈದ್ಯರು ವರದಿಯನ್ನು ನೋಡಿ, ಮನೆಗೂ ಹೋಗದೆ ಹಾಗೆಯೇ ಹೈದರಾಬಾದಿಗೆ ಹೊರಡಿರೆಂದರು. ಅಲ್ಲಿ ತಿಳಿದುಬಂದದ್ದು ಪ್ರೊಮೈಲೊಸೈಟಿಕ್ ಎಂಬ ಬಗೆಯ ರಕ್ತದ ಕ್ಯಾನ್ಸರ್. ಈ ಕಾಯಿಲೆಯಲ್ಲಿ 15 ಮತ್ತು 17ನೆಯ ವರ್ಣತಂತುಗಳ ತುಂಡುಗಳು ಅದಲುಬದಲಾಗಿ, ರೆಟಿನಾಯಿಕ್ ಆಮ್ಲವನ್ನು ಹಿಡಿಯಬೇಕಾದ ಪ್ರೋಟೀನು ಮತ್ತೊಂದರೊಡನೆ ಬೆಸೆದುಹೋಗುತ್ತದೆ. ಬಿಳಿ ರಕ್ತಕಣವು ಬಲಿಯುವ ದಾರಿಯ ಅರ್ಧದಲ್ಲಿಯೇ ನಿಂತುಬಿಡುತ್ತದೆ. ಬಲಿಯದ ಕಣಗಳು ಮಜ್ಜೆಯನ್ನು ತುಂಬುತ್ತವೆ. ರಕ್ತಸ್ರಾವದಿಂದ ರೋಗಿಯು ಕೆಲವೇ ದಿನಗಳಲ್ಲಿ ಸಾಯಬಹುದು. ಹಿಂದೆ ಇದನ್ನು ರಕ್ತದ ಕ್ಯಾನ್ಸರುಗಳಲ್ಲಿಯೇ ಅತಿ ಭೀಕರವಾದುದೆಂದು ಎಣಿಸುತ್ತಿದ್ದರು.

ಷಾಂಘೈ ನಗರದ ವಾಂಗ್ ಝೆನ್‌ಯಿ ಎಂಬ ವೈದ್ಯರು 1985ರಲ್ಲಿ, ಸಾವಿನಂಚಿನಲ್ಲಿದ್ದ ಐದು ವರ್ಷದ ಬಾಲಕಿಗೆ ರೆಟಿನಾಯಿಕ್ ಆಮ್ಲದ ಒಂದು ರೂಪವನ್ನು ಬಾಯಿಯ ಮೂಲಕ ಕೊಟ್ಟರು. ಕ್ಯಾನ್ಸರ್ ಕಣಗಳನ್ನು ಕೊಲ್ಲುವುದು ಆ ಔಷಧದ ಉದ್ದೇಶವಾಗಿರಲಿಲ್ಲ. ಅರ್ಧದಲ್ಲಿ ನಿಂತ ಕಣಗಳನ್ನು ಪೂರ್ತಿ ಬಲಿಯುವಂತೆ ಮಾಡಿ, ಸಹಜವಾಗಿ ಆಯುಷ್ಯ ಮುಗಿಸುವಂತೆ ಮಾಡುವುದಾಗಿತ್ತು. ಬಾಲಕಿ ಬದುಕಿದಳು. 1988ರಲ್ಲಿ ವಾಂಗ್ ಮತ್ತು ಅವರ ಸಂಗಡಿಗರು 24 ರೋಗಿಗಳ ವಿವರವನ್ನು ಪ್ರಕಟಿಸಿದಾಗ ಜಗತ್ತು ಬೆರಗಾಯಿತು. ಇದೇ ಕಾಯಿಲೆಗೆ ಚೀನಾದವರು ಕಂಡುಕೊಂಡ ಎರಡನೆಯ ಔಷಧವು ನಮ್ಮ ಹಿರಿಯರು ಪಾಷಾಣವೆಂದು ಕರೆಯುತ್ತಿದ್ದ ಆರ್ಸೆನಿಕ್. ದುಬಾರಿ ಔಷಧಗಳು ಕೈಗೆಟುಕದ ನಮ್ಮ ದೇಶದಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು 1998ರಿಂದ 2004ರವರೆಗೆ 72 ರೋಗಿಗಳಿಗೆ ಆರ್ಸೆನಿಕ್ ಒಂದನ್ನೇ ಕೊಟ್ಟು, ನೂರಕ್ಕೆ 86 ಮಂದಿಯಲ್ಲಿ ಕಾಯಿಲೆ ಹಿಮ್ಮೆಟ್ಟಿತೆಂದು 2006ರಲ್ಲಿ ವರದಿ ಮಾಡಿದರು. 2013ರಲ್ಲಿ ಯೂರೋಪಿನ ವೈದ್ಯರು ಈ ಎರಡು ಅಣುಗಳನ್ನು ಒಟ್ಟಿಗೆ ಕೊಟ್ಟರೆ, ಅಪಾಯ ಕಡಿಮೆಯಿರುವ ರೋಗಿಗಳಿಗೆ ಕೂದಲುದುರಿಸುವ ಕಠಿಣ ಕೀಮೋಥೆರಪಿಯೇ ಬೇಡವೆಂದು ಸಿದ್ಧಪಡಿಸಿದರು.

ನನ್ನ ಸೋದರಳಿಯನಿಗೆ ದೊರೆತದ್ದು ಈ ಎರಡು ಅಣುಗಳೇ. ಮೊದಲ ಹತ್ತು ದಿನ ಅವನ ಹಾಸಿಗೆಯ ಬಳಿ ನಾವು ಸರದಿಯಂತೆ ಕುಳಿತೆವು. ರಕ್ತ ಕೊಡಲು ಊರಿನಿಂದ ಬಂದವರಲ್ಲಿ ಎಲ್ಲ ಜಾತಿ ಮತಗಳವರೂ ಇದ್ದರು. ಇಂದು ಅವನು ಉದ್ಯೋಗದಲ್ಲಿದ್ದಾನೆ, ಒಂದು ಮಗುವಿನ ತಂದೆಯಾಗಿದ್ದಾನೆ. ನಾನು ತರಗತಿಯಲ್ಲಿ ಇರುಳುಗಣ್ಣಿನ ಪಾಠ ಮಾಡುವಾಗ ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದ ಅಣುವಿನ ಬಂಧುವೇ ಅವನನ್ನು ಬದುಕಿಸಿತೆಂಬುದನ್ನು ನೆನೆದಾಗಲೆಲ್ಲ ನನಗೆ ಮಾತು ಹೊರಡುವುದಿಲ್ಲ.

ಇನ್ನು ಆಕರಕೋಶಗಳ ಸಂಶೋಧನೆ ಎಲ್ಲಿಗೆ ಬಂದಿದೆ ಎಂಬುದನ್ನು ನೋಡೋಣ. ಮಾನವ ಭ್ರೂಣದಿಂದ ತೆಗೆದ ಆಕರಕೋಶಗಳನ್ನು ಪ್ರಯೋಗಾಲಯದಲ್ಲಿ ಮೊದಲ ಬಾರಿಗೆ ಬೆಳೆಸಿದ್ದು 1998ರಲ್ಲಿ, ಅಮೆರಿಕದಲ್ಲಿ. ಅವು ದೇಹದ ಯಾವ ಕೋಶವಾದರೂ ಆಗಬಲ್ಲವು. ಆದರೆ ಅವುಗಳನ್ನು ಪಡೆಯಲು ಭ್ರೂಣವನ್ನು ನಾಶಮಾಡಬೇಕು. ಒಬ್ಬರ ಜೀವ ಉಳಿಸಲು ಇನ್ನೊಂದು ಜೀವದ ಆರಂಭವನ್ನು ಅಳಿಸಬಹುದೇ ಎಂಬ ಪ್ರಶ್ನೆಯನ್ನು ಕಥೋಲಿಕ ಧರ್ಮಸಭೆಯು ಆರಂಭದಿಂದಲೂ ಎತ್ತಿತು. 2008ರ ತನ್ನ ಪ್ರಕಟಣೆಯಲ್ಲಿ ವ್ಯಾಟಿಕನ್, ಭ್ರೂಣನಾಶದ ದಾರಿಯನ್ನು ನಿರಾಕರಿಸಿತು. ವಯಸ್ಕರ ದೇಹದಿಂದ, ಹೆರಿಗೆಯ ನಂತರದ ಹೊಕ್ಕುಳಬಳ್ಳಿಯ ರಕ್ತದಿಂದ ದೊರೆಯುವ ಆಕರಕೋಶಗಳ ಸಂಶೋಧನೆಯನ್ನು ಸ್ವಾಗತಿಸಿತು. ಧರ್ಮವು ವಿಜ್ಞಾನದ ದಾರಿಗೆ ಅಡ್ಡ ನಿಂತಿತೆಂದು ಆಗ ಅನೇಕರು ಟೀಕಿಸಿದರು.

ದಾರಿ ಬೇರೆಡೆಯಿಂದ ತೆರೆಯಿತು. ಜಪಾನಿನ ಶಿನ್ಯಾ ಯಮನಾಕ ಅವರು 2006ರಲ್ಲಿ ಇಲಿಯ ಸಾಮಾನ್ಯ ಕೋಶಗಳಿಗೆ ನಾಲ್ಕು ವಂಶವಾಹಿಗಳನ್ನು ಸೇರಿಸಿ, ಅವುಗಳನ್ನು ಭ್ರೂಣದ ಆಕರಕೋಶಗಳ ಸ್ಥಿತಿಗೆ ಹಿಂದಿರುಗಿಸಿದರು. ಮರುವರ್ಷ ಮನುಷ್ಯನ ಕೋಶಗಳಲ್ಲಿಯೂ ಇದು ಸಾಧ್ಯವಾಯಿತು. 2012ರಲ್ಲಿ ಅವರಿಗೆ, ಇಂಗ್ಲೆಂಡಿನ ಜಾನ್ ಗರ್ಡನ್ ಅವರೊಡನೆ, ನೊಬೆಲ್ ಪ್ರಶಸ್ತಿ ಬಂದಿತು. ಹೊಲಕ್ಕೆ ಹೋದ ಕಾಳು ಹಗೇವಿಗೆ ಮರಳಿ ಬೀಜವಾದಂತೆ ಇದು. ಆದರೆ ಹೊರಗಿನ ವಂಶವಾಹಿಗಳನ್ನು ಸೇರಿಸುವುದರಲ್ಲಿ ಕ್ಯಾನ್ಸರಿನ ಭಯವಿತ್ತು. ಬೀಜಿಂಗ್‌ನ ಡೆಂಗ್ ಹಾಂಗ್‌ಕುಯಿ ಅವರ ತಂಡವು 2013ರಲ್ಲಿ, ವಂಶವಾಹಿಗಳನ್ನು ಮುಟ್ಟದೆ, ಏಳು ಕಿರು ಅಣುಗಳಿಂದಲೇ ಇಲಿಯ ಕೋಶಗಳನ್ನು ಹಿಂದಿರುಗಿಸಿತು. ಮನುಷ್ಯನ ಕೋಶಗಳಲ್ಲಿ ಇದು ಫಲಿಸಲು 2022ರವರೆಗೆ ಕಾಯಬೇಕಾಯಿತು. 2023ರಲ್ಲಿ ಚೀನಾದ ತಿಯಾಂಜಿನ್ ನಗರದಲ್ಲಿ, ಬಾಲ್ಯದ ಬಗೆಯ ಸಕ್ಕರೆ ಕಾಯಿಲೆಯಿದ್ದ 25 ವರ್ಷದ ಮಹಿಳೆಯೊಬ್ಬರ ಸ್ವಂತ ಕೋಶಗಳನ್ನು ಹೀಗೆ ಅಣುಗಳ ಮೂಲಕ ಹಿಂದಿರುಗಿಸಿ, ಅವುಗಳನ್ನು ಇನ್ಸುಲಿನ್ ತಯಾರಿಸುವ ಕೋಶಗಳಾಗಿ ಬೆಳೆಸಿ, ಅವರ ಹೊಟ್ಟೆಯ ಸ್ನಾಯುವಿನ ಹೊದಿಕೆಯ ಕೆಳಗೆ ಇರಿಸಿದರು. ಎರಡೂವರೆ ತಿಂಗಳಲ್ಲಿ ಅವರಿಗೆ ಇನ್ಸುಲಿನ್ ಚುಚ್ಚುಮದ್ದು ಬೇಡವಾಯಿತು. ಆ ಮಹಿಳೆಗೆ ಮೊದಲೇ ಯಕೃತ್ತಿನ ಕಸಿಯಾಗಿದ್ದುದರಿಂದ ರೋಗನಿರೋಧವನ್ನು ತಗ್ಗಿಸುವ ಔಷಧಗಳನ್ನು ಅವರು ಅದಾಗಲೇ ಸೇವಿಸುತ್ತಿದ್ದರೆಂಬುದನ್ನೂ ಹೇಳಬೇಕು. ಒಬ್ಬರ ಅನುಭವದಿಂದ ಎಲ್ಲರ ಫಲವನ್ನು ಎಣಿಸಲಾಗದು.

ಈಗ ನಿಕೋಟಿನಮೈಡಿಗೆ ಬರೋಣ. ರಕ್ತದ ಕ್ಯಾನ್ಸರಿನವರಿಗೆ ಹೊಂದುವ ಮಜ್ಜೆ ಸಿಗದಿದ್ದಾಗ, ದಾನವಾಗಿ ಬಂದ ಹೊಕ್ಕುಳಬಳ್ಳಿಯ ರಕ್ತವನ್ನು ಬಳಸುವುದುಂಟು. ಆದರೆ ಒಂದು ಬಳ್ಳಿಯಲ್ಲಿರುವ ಆಕರಕೋಶಗಳು ವಯಸ್ಕರೊಬ್ಬರಿಗೆ ಸಾಲುವುದಿಲ್ಲ. ಪಾತ್ರೆಯಲ್ಲಿ ಬೆಳೆಸಹೊರಟರೆ ಅವು ಬೀಜವಾಗಿ ಉಳಿಯದೆ ಬಲಿತುಬಿಡುತ್ತವೆ. ಜೆರುಸಲೇಮಿನ ಒಂದು ಸಂಸ್ಥೆಯ ವಿಜ್ಞಾನಿಗಳು, ಬೆಳೆಸುವ ದ್ರವಕ್ಕೆ ನಿಕೋಟಿನಮೈಡನ್ನು ಸೇರಿಸಿದರೆ ಕೋಶಗಳು ಬಲಿಯುವುದನ್ನು ತಡೆಹಿಡಿದು ಸಂಖ್ಯೆಯಲ್ಲಿ ಹೆಚ್ಚುತ್ತವೆಂದು ತೋರಿಸಿದರು. 125 ರೋಗಿಗಳ ಪರೀಕ್ಷೆಯಲ್ಲಿ, ಸಾಮಾನ್ಯ ಬಳ್ಳಿರಕ್ತ ಪಡೆದವರಿಗೆ ಹೊಸ ಬಿಳಿ ಕಣಗಳು ಮೂಡಲು 22 ದಿನ ಬೇಕಾದರೆ, ಹೀಗೆ ಬೆಳೆಸಿದ ಕೋಶ ಪಡೆದವರಿಗೆ 12 ದಿನ ಸಾಕಾಯಿತು. 2023ರ ಏಪ್ರಿಲ್‌ನಲ್ಲಿ ಅಮೆರಿಕವು ಇದಕ್ಕೆ ಅನುಮತಿ ನೀಡಿತು. ನಮ್ಮ ಹಳ್ಳಿಗಳ ಬಡವರ ಕುತ್ತಿಗೆಯ ಚರ್ಮವನ್ನು ಕಪ್ಪಾಗಿಸಿದ್ದು ಇದೇ ಅಣುವಿನ ಕೊರತೆ. ಅಂದು ಒಂದು ಹಿಡಿ ಶೇಂಗಾದಲ್ಲಿ ದೊರೆಯುತ್ತಿದ್ದ ಅಣುವಿನಿಂದ ಇಂದು ತಯಾರಾಗುವ ಚಿಕಿತ್ಸೆಗೆ ಅಮೆರಿಕದಲ್ಲಿ ಇಟ್ಟ ಬೆಲೆ 3,38,000 ಡಾಲರ್, ಎಂದರೆ ಎರಡೂವರೆ ಕೋಟಿ ರೂಪಾಯಿಗೂ ಹೆಚ್ಚು. ಅಣು ಅಗ್ಗ, ಅದರ ಸುತ್ತಲಿನ ಕೌಶಲ, ಕಾವಲು, ವ್ಯಾಪಾರ ದುಬಾರಿ.

ಇಷ್ಟೆಲ್ಲವನ್ನು ಬರೆಯಲು ಕಾರಣವಾದದ್ದು ನಮ್ಮ ಭಾಗದ ಒಂದು ಕುಟುಂಬ. ಅವರ ಮಗನಿಗೆ ನಾಲ್ಕನೆಯ ವಯಸ್ಸಿನಿಂದ ಓಡುವಾಗ ಬೀಳುವ ಅಭ್ಯಾಸ. ಮೀನಖಂಡಗಳು ಪೈಲ್ವಾನನಂತೆ ದಪ್ಪ, ಆದರೆ ನೆಲದಿಂದ ಏಳಲು ತೊಡೆಯ ಮೇಲೆ ಕೈಯೂರಬೇಕು. ಪರೀಕ್ಷೆಯಲ್ಲಿ ತಿಳಿದದ್ದು ಡುಶೆನ್ ಎಂಬ ಸ್ನಾಯುಕ್ಷಯ. ಅನೇಕ ವೇಳೆ ತಾಯಿಯ ಮೂಲಕ ಬರುವ, ಹೆಚ್ಚಾಗಿ ಗಂಡುಮಕ್ಕಳನ್ನೇ ಬಾಧಿಸುವ ವಂಶವಾಹಿಯ ದೋಷ ಇದು. ಒಂದು ಮಹಾನಗರದ ಕ್ಲಿನಿಕ್ಕಿನವರು ದೂರವಾಣಿಯಲ್ಲಿ, ಹುಡುಗನ ಸ್ವಂತ ಮಜ್ಜೆಯಿಂದ ಆಕರಕೋಶಗಳನ್ನು ತೆಗೆದು ಚುಚ್ಚಿದರೆ ಸ್ನಾಯುಗಳು ಹೊಸದಾಗಿ ಬೆಳೆಯುತ್ತವೆಂದೂ, ಮೂರು ಸಲಕ್ಕೆ ಐದು ಲಕ್ಷವಾಗುವುದೆಂದೂ ಹೇಳಿದ್ದರು. ಎರಡೆಕರೆ ಹೊಲವನ್ನು ಮಾರಲು ತಂದೆ ಮಾತುಕತೆ ಆರಂಭಿಸಿದ್ದರು. ವಿಜ್ಞಾನ ಓದಿದವನೆಂದು ನನ್ನ ಅಭಿಪ್ರಾಯ ಕೇಳಿದರು.

ನನಗೆ ತಿಳಿದುದನ್ನು ನಾನು ಹೀಗೆ ಹೇಳಿದೆ. ಮಜ್ಜೆಯ ಆಕರಕೋಶಕ್ಕೆ ರಕ್ತವಾಗುವ ದಾರಿ ಗೊತ್ತು. ಸ್ನಾಯುವಾಗುವ ಸಂದೇಶವಿಲ್ಲದೆ ಸುಮ್ಮನೆ ಚುಚ್ಚಿದ ಮಾತ್ರಕ್ಕೆ ಅದು ಸ್ನಾಯುವಾಗುವುದಿಲ್ಲ. ಹುಡುಗನ ಸ್ವಂತ ಕೋಶಗಳಲ್ಲಿಯೂ ಅದೇ ವಂಶವಾಹಿಯ ದೋಷವಿದೆ. ಹುಳುಕು ಬೀಜವನ್ನೇ ಮತ್ತೆ ಬಿತ್ತಿದಂತಾಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ, ರಕ್ತ ಮತ್ತು ಮಜ್ಜೆಗೆ ಸಂಬಂಧಿಸಿದ ಅಂಗೀಕೃತ ಕಾಯಿಲೆಗಳಿಗೆ ಮಾಡುವ ಕಸಿಯನ್ನು ಬಿಟ್ಟರೆ, ಇತರ ಆಕರಕೋಶ ಪ್ರಯೋಗಗಳನ್ನು ಅನುಮತಿ ಪಡೆದ ಸಂಶೋಧನೆಯಾಗಿ ಮಾತ್ರ ನಡೆಸಬೇಕು. ಸಂಶೋಧನೆಯಾದರೆ ಅದು ಭಾರತದ ಕ್ಲಿನಿಕಲ್ ಪ್ರಯೋಗಗಳ ದಾಖಲೆಪಟ್ಟಿಯಲ್ಲಿ ಸೇರಿರಬೇಕು. ಅದರಲ್ಲಿ ಪಾಲ್ಗೊಳ್ಳುವ ರೋಗಿಯಿಂದ ಹಣ ಕೇಳುವಂತಿಲ್ಲ. ‘ನಿಮ್ಮ ಪ್ರಯೋಗದ ನೋಂದಣಿ ಸಂಖ್ಯೆ ಎಷ್ಟು?’ ಎಂದು ಕೇಳಿರಿ ಎಂದೆ. ಅವರು ಕೇಳಿದರು. ಉತ್ತರ ಬರಲಿಲ್ಲ.

ತಾಯಿಯ ಪ್ರಶ್ನೆ ಬೇರೆಯಾಗಿತ್ತು. ‘ಅದು ಬೇಡ ಎಂದಿರಿ. ಹಾಗಾದರೆ ಏನು ಬೇಕು ಎಂದು ಹೇಳಿರಿ’ ಎಂದರು.

ಸುಳ್ಳು ಭರವಸೆಯನ್ನು ಬೇಡವೆನ್ನುವುದು ಸುಲಭ. ಅದರ ಜಾಗದಲ್ಲಿ ಇಡಲು ನಮ್ಮ ಬಳಿ ಏನಿದೆ ಎಂಬುದು ಕಷ್ಟದ ಪ್ರಶ್ನೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತೋರಿಸಲು ಹೇಳಿದೆ, ಅವರು ಹೋಗಿಬಂದರು. ಡೆಫ್ಲಾಜಕಾರ್ಟ್ ಎಂಬ ಗುಳಿಗೆ ಆರಂಭವಾಯಿತು. ಅದೂ ಒಂದು ಕಿರು ಅಣುವೇ; ಕಾಯಿಲೆಯನ್ನು ಗುಣಪಡಿಸದು, ನಡೆಯುವ ವರ್ಷಗಳನ್ನು ಸ್ವಲ್ಪ ಹಿಗ್ಗಿಸುತ್ತದೆ. ಕೀಲುಗಳು ಬಿಗಿಯದಂತೆ ದಿನವೂ ಮಾಡಬೇಕಾದ ವ್ಯಾಯಾಮವನ್ನು ತಾಯಿ ಕಲಿತರು. ಹುಡುಗನ ತಂಗಿಗೆ ಮುಂದೆ, ತಿಳಿವಳಿಕೆ ಬಂದ ಮೇಲೆ, ವಂಶವಾಹಿಯ ಪರೀಕ್ಷೆಯ ಬಗ್ಗೆ ಹೇಳಬೇಕೆಂಬುದೂ ಅವರಿಗೆ ತಿಳಿಯಿತು. ಐದು ಲಕ್ಷಕ್ಕಿಂತ ಈ ಅರಿವು ಆ ಮನೆಗೆ ಹೆಚ್ಚು ಅಗತ್ಯವಾಗಿತ್ತು.

ಇದೇ ಕಾಯಿಲೆಗೆ 2024ರ ಮಾರ್ಚ್‌ನಲ್ಲಿ ಅಮೆರಿಕವು ಗಿವಿನೊಸ್ಟಾಟ್ ಎಂಬ ಹೊಸ ಔಷಧಕ್ಕೆ ಅನುಮತಿ ಕೊಟ್ಟಿತು. ನಮ್ಮ ವಿಷಯಕ್ಕೆ ಅದು ತೀರ ಹತ್ತಿರದ್ದು. ಡುಶೆನ್ ಕಾಯಿಲೆಯಲ್ಲಿ ಸ್ನಾಯುವು ಪದೇಪದೇ ಹರಿಯುತ್ತದೆ. ದುರಸ್ತಿಗೆ ಬರುವ ಕೆಲವು ಮೂಲಕೋಶಗಳು ದಾರಿ ತಪ್ಪಿ ಕೊಬ್ಬಾಗಿ, ಗಾಯದ ನಾರಾಗಿ ಮಾರ್ಪಡುತ್ತವೆ. ಮೀನಖಂಡ ದಪ್ಪವಾಗಿ ಕಾಣುವುದಕ್ಕೆ ಇದೂ ಕಾರಣ. ಈ ಅಣುವು ಆ ಕೋಶಗಳನ್ನು ಕೊಬ್ಬಿನ ದಾರಿಯಿಂದ ತಿರುಗಿಸಿ, ದುರಸ್ತಿಗೆ ನೆರವಾಗುವತ್ತ ನಡೆಸುತ್ತದೆಂದು ಪ್ರಯೋಗಗಳು ತೋರಿಸಿವೆ. 18 ತಿಂಗಳ ಪರೀಕ್ಷೆಯಲ್ಲಿ ನಾಲ್ಕು ಮೆಟ್ಟಿಲು ಹತ್ತಲು ಹುಡುಗರಿಗೆ ಬೇಕಾದ ಸಮಯವನ್ನು ಅಳೆದರು. ಔಷಧವಿಲ್ಲದವರ ಸಮಯ ಸರಾಸರಿ 3.03 ಸೆಕೆಂಡು ಹೆಚ್ಚಿತು. ಔಷಧ ಪಡೆದವರದು 1.25 ಸೆಕೆಂಡು. ಎಂದರೆ ಇಬ್ಬರೂ ನಿಧಾನವಾದರು, ಒಬ್ಬರು ತುಸು ಕಡಿಮೆ ನಿಧಾನವಾದರು. ನಿಜವಾದ ವಿಜ್ಞಾನದ ಭರವಸೆಯು ಎರಡು ಸೆಕೆಂಡಿಗೂ ಕಡಿಮೆ. ಕ್ಲಿನಿಕ್ಕಿನವರ ಭರವಸೆ ಇಡೀ ದೇಹದಷ್ಟು. ಎರಡನ್ನೂ ಒಂದೇ ಹೆಸರಿನಿಂದ ಕರೆಯುವುದರಿಂದಲೇ ಬಡವರು ಮೋಸ ಹೋಗುತ್ತಾರೆ.

ಹೊಲ ಮಾರಾಟವಾಗಲಿಲ್ಲ. ಹುಡುಗನಿಗೆ ಈಗ ಹನ್ನೊಂದು ವರ್ಷ, ನಡೆಯುವುದು ನಿಂತಿದೆ. ಗಾಲಿಕುರ್ಚಿಯಲ್ಲಿ ಶಾಲೆಗೆ ಹೋಗುತ್ತಾನೆ, ಲೆಕ್ಕದಲ್ಲಿ ಚುರುಕು. ಭಾನುವಾರದ ಪೂಜೆಗೆ ಬಂದಾಗ ಯುವಕರು ಅವನನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿಸುತ್ತಿದ್ದರು. ಅವನಿಗೆ ಅದು ಇಷ್ಟವಿಲ್ಲವೆಂದು ತಿಳಿದ ಮೇಲೆ ಬಾಗಿಲ ಪಕ್ಕದಲ್ಲಿ ಸಿಮೆಂಟಿನ ಇಳಿಜಾರು ಕಟ್ಟಿಸಲಾಯಿತು. ನಾನು ಕೊಟ್ಟ ಸಲಹೆ ಸರಿಯಾಯಿತೆಂದು ಆ ತಾಯಿ ಎಂದೂ ಹೇಳಿಲ್ಲ. ಹೇಳಬೇಕೆಂದು ನಾನು ನಿರೀಕ್ಷಿಸುವುದೂ ಇಲ್ಲ.

ಆಕರಕೋಶದ ಚಿಕಿತ್ಸೆಯೆಂದರೆ ಎಲ್ಲವೂ ಮೋಸವೆಂದು ತಿಳಿಯಬಾರದು. ಬೀದರಿನಿಂದ ಸುಮಾರು 140 ಕಿಲೋಮೀಟರ್ ದೂರದ ಹೈದರಾಬಾದಿನಲ್ಲಿಯೇ ಅದರ ಉತ್ತಮ ಉದಾಹರಣೆಯಿದೆ. ಎಲೆ ತಂಬಾಕಿನ ಸುಣ್ಣದ ಪುಟ್ಟ ಪೊಟ್ಟಣವನ್ನು ಮಕ್ಕಳು ಹಿಸುಕಿ, ಸುಣ್ಣ ಕಣ್ಣಿಗೆ ಸಿಡಿದು ಕುರುಡಾಗುವುದುಂಟು. ಕರಿಗುಡ್ಡೆಯ ಅಂಚಿನಲ್ಲಿರುವ ಆಕರಕೋಶಗಳು ಸುಟ್ಟುಹೋದರೆ ಕಣ್ಣಿನ ಪಾರದರ್ಶಕ ಪದರ ಮತ್ತೆ ಬೆಳೆಯದು. ಎಲ್. ವಿ. ಪ್ರಸಾದ್ ನೇತ್ರ ಸಂಸ್ಥೆಯ ವೀರೇಂದರ್ ಸಾಂಗ್ವಾನ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಸರಳ ವಿಧಾನದಲ್ಲಿ, ಚೆನ್ನಾಗಿರುವ ಇನ್ನೊಂದು ಕಣ್ಣಿನ ಅಂಚಿನಿಂದ ಎರಡು ಮಿಲಿಮೀಟರಿನಷ್ಟು ಚೂರನ್ನು ತೆಗೆದು, ಅದನ್ನು ಎಂಟು ಹತ್ತು ತುಣುಕು ಮಾಡಿ, ಹೆರಿಗೆಯ ನಂತರ ಬಿಸಾಡುವ ಮಾಸಿನ ತೆಳುಪೊರೆಯ ಮೇಲೆ ಸಸಿಯಂತೆ ನೆಡುತ್ತಾರೆ. 2016ರಲ್ಲಿ 125 ರೋಗಿಗಳ ಫಲಿತಾಂಶ ಪ್ರಕಟವಾದಾಗ ನೂರಕ್ಕೆ 76 ಮಂದಿಯಲ್ಲಿ ಅದು ಫಲಿಸಿತ್ತು. ಫಲಿಸದ ನೂರಕ್ಕೆ 24 ಮಂದಿಯನ್ನೂ ಅವರು ಲೆಕ್ಕಕ್ಕೆ ಬರೆದರು. ನಂಬಬಹುದಾದ ವೈದ್ಯವನ್ನು ಗುರುತಿಸಲು ನನಗೆ ತಿಳಿದ ಗುರುತು ಇದೇ: ತನ್ನ ಸೋಲಿನ ಸಂಖ್ಯೆಯನ್ನೂ ಅದು ಹೇಳುತ್ತದೆ.

ಆದುದರಿಂದ ನಮ್ಮ ಕುಟುಂಬಗಳಲ್ಲಿ ಇಂಥ ಸಂದರ್ಭ ಬಂದಾಗ, ಹೊಲ ಒಡವೆಗಳ ಮಾತಿಗೆ ಮುನ್ನ ಮೂರು ಪ್ರಶ್ನೆಗಳನ್ನು ಕೇಳೋಣ. ಈ ಚಿಕಿತ್ಸೆಯನ್ನು ಎಷ್ಟು ಜನರಿಗೆ ಕೊಟ್ಟಿರಿ, ಎಷ್ಟು ಜನರಲ್ಲಿ ಫಲಿಸಲಿಲ್ಲ? ಇದು ಅಂಗೀಕೃತ ಚಿಕಿತ್ಸೆಯೋ, ಸಂಶೋಧನೆಯೋ? ಸಂಶೋಧನೆಯಾದರೆ ನಮ್ಮಿಂದ ಹಣವೇಕೆ? ಸರ್ಕಾರಿ ವೈದ್ಯಕೀಯ ಕಾಲೇಜಿನ ಒಬ್ಬ ವೈದ್ಯರಿಗಾದರೂ ಕಾಗದಗಳನ್ನು ತೋರಿಸಿ ಎರಡನೆಯ ಅಭಿಪ್ರಾಯ ಪಡೆಯೋಣ.

ಮತ್ತು ಕೈಗೆಟುಕುವ ಅಣುವನ್ನು ಕಡೆಗಣಿಸದಿರೋಣ. ಒಂಬತ್ತು ತಿಂಗಳಿನಿಂದ ಐದು ವರ್ಷದವರೆಗೆ ಪ್ರತಿ ಮಗುವಿಗೆ ‘ಎ’ ಜೀವಸತ್ವದ ಒಂಬತ್ತು ಪ್ರಮಾಣಗಳು ಉಚಿತವಾಗಿ ಸಲ್ಲಬೇಕು. ದಡಾರದ ಚುಚ್ಚುಮದ್ದಿನ ಜೊತೆ ಮೊದಲ ಪ್ರಮಾಣ ಹಾಕಿಸಿ, ಉಳಿದ ಎಂಟನ್ನು ಮರೆಯುವ ತಾಯಂದಿರು ನಮ್ಮಲ್ಲಿ ಅನೇಕರಿದ್ದಾರೆ. ಮನೆಯಲ್ಲಿ ಐದು ವರ್ಷದೊಳಗಿನ ಮಗುವಿದ್ದರೆ ಇಂದೇ ಅದರ ಕಾರ್ಡನ್ನು ತೆಗೆದು ನೋಡಿರಿ. ಖಾಲಿ ಉಳಿದ ಚೌಕವಿದ್ದರೆ, ಮುಂದಿನ ಲಸಿಕೆಯ ದಿನ ಮಗುವನ್ನು ಎತ್ತಿಕೊಂಡು ಅಂಗನವಾಡಿಗೆ ಹೋಗಿರಿ.